ಕಾವಲುಗಾರನಿಗೆ ಏನು ಗೊತ್ತು?

ಕೋಡಂಬಾಕ್ಕಂನ ಪವರ್ ಹೌಸ್ ಸ್ಟಾಪಿನಲ್ಲಿ ಬಸ್ಸಿಳಿದು, ಆರ್ಕಾಟ್ ರಸ್ತೆಯ ಗದ್ದಲ ಬಿಟ್ಟು ಒಳಗಿನ ಓಣಿಗೆ ತಿರುಗಿದರೆ ಸಿನಿಮಾ ಡ್ರೆಸ್ಸು ಬಾಡಿಗೆಗೆ ಕೊಡುವ ಕತ್ತಲೆ ಅಂಗಡಿಯೊಂದಿತ್ತು. ನಾನು ಹುಡುಗನಾಗಿದ್ದ ಕಾಲದ ಮಾತು. ಹಗ್ಗದ ಮೇಲೆ ಸಾಲಾಗಿ ಪೊಲೀಸ್ ಖಾಕಿ, ವಕೀಲರ ಕರಿಕೋಟು, ಜರಿ ಉದುರಿದ ರಾಜರ ಅಂಗಿ ತೂಗುತ್ತಿದ್ದವು. ಕೊನೆಯಲ್ಲಿ ಯಾವ ದೇಶದ ಸೈನ್ಯದ್ದೆಂದು ಮಾಲೀಕನಿಗೂ ಹೇಳಲು ಬಾರದ ಬೂದುಬಣ್ಣದ ಮಿಲಿಟರಿ ಉಡುಪು. ನನ್ನನ್ನು ಕರೆದುಕೊಂಡು ಹೋಗಿದ್ದವರು ದೊಡ್ಡಪ್ಪ. ಆ ಬೂದು ಕೋಟಿನ ಗುಂಡಿ ಮುಟ್ಟಿ ನೋಡುತ್ತಿದ್ದ ನನಗೆ, "ಇದನ್ನ ಹಾಕ್ಕೊಂಡ್ರೆ ಆಯ್ತು ಕಣೋ, ವಿಲನ್ ಮನೆ ಗೇಟು ತಾನಾಗೇ ತೆಗೆಯುತ್ತೆ" ಅಂದಿದ್ದರು.

ದೊಡ್ಡಪ್ಪ ಸಿನಿಮಾ ಶಬ್ದದ ಕೆಲಸದವರು. ಹೆಜ್ಜೆ ಸಪ್ಪಳ, ಬಾಗಿಲ ಕಿರುಗುಟ್ಟು, ಕತ್ತಿಯ ಖಣಖಣ, ಎಲ್ಲವನ್ನೂ ರೆಕಾರ್ಡಿಂಗ್ ಥಿಯೇಟರಿನ ಕತ್ತಲಲ್ಲಿ ಕೈಯಿಂದ ಕಾಲಿಂದ ಹುಟ್ಟಿಸುತ್ತಿದ್ದರು. ಆ ಕೆಲಸಕ್ಕೆ ಅಲ್ಲಿ ಎಫೆಕ್ಟ್ಸ್ ಅಂತಲೇ ಹೆಸರು. ಮೈಸೂರು ಕಡೆಯವರು ಮದರಾಸಿಗೆ ಹೋಗಿ ಇಂಥ ಕೆಲಸ ಹಿಡಿದದ್ದರಲ್ಲಿ ವಿಶೇಷವೇನೂ ಇರಲಿಲ್ಲ. ಕನ್ನಡ ಸಿನಿಮಾದ ಮನೆಯೇ ಆಗ ಅಲ್ಲಿತ್ತು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ 'ಬೇಡರ ಕಣ್ಣಪ್ಪ' (1954) ಹೊರಬರಲು ಮದರಾಸಿನ ಎವಿಎಂ ಸ್ಟುಡಿಯೋದ ಬೆಂಬಲವಿತ್ತು. ಜಿ.ಕೆ. ವೆಂಕಟೇಶ್ ಅಲ್ಲೇ ಕೂತು ಕನ್ನಡ ಹಾಡುಗಳಿಗೆ ರಾಗ ಹಾಕುವಾಗ ಅವರ ಸಹಾಯಕರಾಗಿದ್ದ ತರುಣನೇ ಮುಂದೆ ಇಳಯರಾಜ ಎಂದು ಹೆಸರಾದದ್ದು. ಎಪ್ಪತ್ತರ ದಶಕದಲ್ಲಿ ಕನ್ನಡದವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೊರಟರು. ದೊಡ್ಡಪ್ಪ ಹೊರಡಲಿಲ್ಲ. ಕಾಲಿನ ಸಪ್ಪಳಕ್ಕೆ ಭಾಷೆ ಎಲ್ಲಿದೆ ಎನ್ನುವುದು ಅವರ ವಾದ.

ಒಂದು ಬೇಸಿಗೆ ರಜೆಯಲ್ಲಿ ಅವರ ಜೊತೆ ಡಬ್ಬಿಂಗ್ ನೋಡಲು ಹೋಗಿದ್ದೆ. ಗೋಡೆಯ ಮೇಲೆ ಒಂದೇ ತುಣುಕು ಮತ್ತೆ ಮತ್ತೆ ಓಡುತ್ತಿತ್ತು. ಫಿಲಂ ತುಂಡಿನ ಎರಡು ತುದಿ ಅಂಟಿಸಿ ಬಳೆಯಂತೆ ಸುತ್ತಲು ಬಿಡುವುದಕ್ಕೆ ಲೂಪ್ ಅನ್ನುತ್ತಾರೆ. ಆ ತುಣುಕಿನಲ್ಲಿ ಬಂದೂಕು ಹಿಡಿದ ಕಾವಲುಗಾರನೊಬ್ಬ ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ಮೈಕಿನ ಮುಂದೆ ಚಪ್ಪಲಿ ಬಿಚ್ಚಿಟ್ಟು ನಿಂತ ಸಣಕಲು ಮನುಷ್ಯ ಪ್ರತಿ ಸುತ್ತಿಗೂ "ಯಾರದು? ನಿಲ್ಲು!" ಎಂದು ಗುಡುಗುತ್ತಿದ್ದ. ಅದೇ ಸಂಜೆ ಆತ ಇನ್ನೂ ಮೂವರು ರೌಡಿಗಳಿಗೆ, ಒಬ್ಬ ಡಾಕ್ಟರಿಗೆ ದನಿ ಕೊಟ್ಟು, ಕಾಫಿ ಕುಡಿದು ಬಸ್ಸು ಹಿಡಿದ.

ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಅಮೆರಿಕದ ಬಾಲ್ಟಿಮೋರ್ ಊರಿನ ಸೈಲಸ್ ವಾರ್ನರ್ ಎಂಬ ಭಾರೀ ಗಾತ್ರದ ಪ್ರೋಗ್ರಾಮರ್ ಮೈಕಿನ ಮುಂದೆ ನಿಂತು ಅದೇ ಮಾತನ್ನು ಜರ್ಮನ್ ಭಾಷೆಯಲ್ಲಿ ಕೂಗುತ್ತಿದ್ದ: "ಹಾಲ್ಟ್!" "ಆಖ್ತುಂಗ್!" ಅವನಿಗೂ ಕಾವಲುಗಾರರು ಬೇಕಿದ್ದರು. ಒಬ್ಬಿಬ್ಬರಲ್ಲ, ಒಂದು ಕೋಟೆಗಾಗುವಷ್ಟು.

ಆ ಕೋಟೆಯ ಹೆಸರು ಕ್ಯಾಸಲ್ ವುಲ್ಫೆನ್‌ಸ್ಟೈನ್. 1981ರಲ್ಲಿ ಮ್ಯೂಸ್ ಸಾಫ್ಟ್‌ವೇರ್ ಕಂಪನಿ ಆಪಲ್ 2 ಕಂಪ್ಯೂಟರಿಗೆಂದು ಹೊರತಂದ ಆಟ. ಎರಡನೇ ಮಹಾಯುದ್ಧದ ಕಾಲ. ನಾಜಿಗಳ ಸೆರೆಯಲ್ಲಿರುವ ಮಿತ್ರಪಕ್ಷದ ಸೈನಿಕ ನೀವು. ಸಾಯುತ್ತಿರುವ ಇನ್ನೊಬ್ಬ ಕೈದಿ ನಿಮ್ಮ ಕೈಗೊಂದು ಪಿಸ್ತೂಲು, 10 ಗುಂಡು ತುರುಕುತ್ತಾನೆ. ಐದು ಮಹಡಿ, 60 ಕೋಣೆಗಳ ಕೋಟೆಯಲ್ಲಿ ಎಲ್ಲೋ ಇರುವ ಯುದ್ಧದ ಗುಪ್ತ ಯೋಜನೆಗಳನ್ನು ಹುಡುಕಿ, ಜೀವಂತವಾಗಿ ಹೊರಬೀಳಬೇಕು. ಹೊರಬಿದ್ದರೆ ಬಡ್ತಿ. ಸಿಪಾಯಿಯಾಗಿ ಹೊರಟವನು ಫೀಲ್ಡ್ ಮಾರ್ಷಲ್ ಆಗುವ ತನಕ ಮೆಟ್ಟಿಲುಗಳಿವೆ, ಪ್ರತಿ ಮೆಟ್ಟಿಲಿಗೂ ಕೋಟೆ ಇನ್ನಷ್ಟು ಕಠಿಣ.

ವಾರ್ನರ್‌ಗೆ ಇದರ ಬೀಜ ಸಿಕ್ಕಿದ್ದು ಎರಡು ಕಡೆ. ಒಂದು, 1961ರ 'ದಿ ಗನ್ಸ್ ಆಫ್ ನವರೋನ್' ಸಿನಿಮಾ. ಇನ್ನೊಂದು, ಅಂಗಡಿಯೊಂದರಲ್ಲಿ ಕಂಡ 'ಬರ್ಜರ್ಕ್' ಎಂಬ 1980ರ ನಾಣ್ಯ ಹಾಕಿ ಆಡುವ ಆಟ. ಗೋಡೆಗಳ ಜಾಲದಲ್ಲಿ ರೋಬಾಟುಗಳು ಅಟ್ಟಿಸಿಕೊಂಡು ಬರುತ್ತವೆ, ಯಂತ್ರ ಲೋಹದ ದನಿಯಲ್ಲಿ ಮಾತಾಡಿ ಬೆದರಿಸುತ್ತದೆ. ಆ ರೋಬಾಟುಗಳ ಜಾಗದಲ್ಲಿ ಜರ್ಮನ್ ಸೈನಿಕರನ್ನು ನಿಲ್ಲಿಸಿದರೆ ಹೇಗೆ ಅನ್ನಿಸಿತು ವಾರ್ನರ್‌ಗೆ. ಅನ್ನಿಸುವುದು ಸುಲಭ. ಬರ್ಜರ್ಕ್‌ಗೆ ಮಾತಾಡಲೆಂದೇ ಬೇರೆ ಚಿಪ್ ಇತ್ತು. ಆಪಲ್ 2ರ ಒಳಗಿದ್ದದ್ದು ಒಂದು ಪುಟ್ಟ ಸ್ಪೀಕರು, ಅದಕ್ಕೆ ಅರ್ಥವಾಗುತ್ತಿದ್ದದ್ದು ಒಂದೇ ಆಜ್ಞೆ.

ಈ ಸ್ಪೀಕರಿನ ಕಥೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಆಪಲ್ 2 ಕಂಪ್ಯೂಟರಿನ ಮೆಮೊರಿಯನ್ನು ಸಾಲುಮನೆಗಳ ಬೀದಿ ಎಂದುಕೊಳ್ಳಿ. ಪ್ರತಿ ಮನೆಗೂ ನಂಬರು. 49200ನೇ ನಂಬರಿನ ಮನೆಯಲ್ಲಿ ಯಾರೂ ವಾಸವಿಲ್ಲ, ಅದೊಂದು ಕರೆಗಂಟೆ. ಪ್ರೊಸೆಸರ್ ಆ ಮನೆಯ ಕದ ಒಮ್ಮೆ ತಟ್ಟಿದರೆ ಸ್ಪೀಕರಿನ ಪೊರೆ ಮುಂದಕ್ಕೆ ಬರುತ್ತದೆ, ಇನ್ನೊಮ್ಮೆ ತಟ್ಟಿದರೆ ಹಿಂದಕ್ಕೆ. ಅರ್ಧ ಮುಂದಕ್ಕೆ ಎಂಬುದಿಲ್ಲ, ಮೆಲ್ಲಗೆ ಎಂಬುದೂ ಇಲ್ಲ. ಒಂದು ತಟ್ಟಿಗೆ ಒಂದು 'ಟಕ್'. ಸೆಕೆಂಡಿಗೆ 880 ಸಲ ಸಮನಾಗಿ ತಟ್ಟಿದರೆ ಪೊರೆ 440 ಬಾರಿ ಹೋಗಿ ಬಂದು ಒಂದು ಸ್ವರ ಹುಟ್ಟುತ್ತದೆ. ಪ್ರೊಸೆಸರಿನ ವೇಗ ಸೆಕೆಂಡಿಗೆ ಸುಮಾರು 10 ಲಕ್ಷ 20 ಸಾವಿರ ಮಿಡಿತ, ಹಾಗಾಗಿ ಎರಡು ತಟ್ಟುಗಳ ನಡುವೆ 1,160 ಮಿಡಿತ ಸುಮ್ಮನೆ ಎಣಿಸುತ್ತ ಕೂರಬೇಕು. ಎಣಿಕೆ ತಪ್ಪಿದರೆ ಶ್ರುತಿ ತಪ್ಪುತ್ತದೆ.

ಟಕ್‌ಟಕ್‌ನಿಂದ ಪೀಪಿ ಊದಿಸಬಹುದು, ಸರಿ. ಮಾತಾಡಿಸುವುದು ಹೇಗೆ? ಮನುಷ್ಯನ ದನಿಯ ಅಲೆಯಲ್ಲಿ ದೊಡ್ಡ ಗುಡ್ಡ, ಸಣ್ಣ ದಿಬ್ಬ, ಆಳದ ಕಣಿವೆ, ಏನೆಲ್ಲ ಇರುತ್ತವೆ. ಎರಡೇ ನಿಲುವು ಗೊತ್ತಿರುವ ಸ್ಪೀಕರಿಗೆ ಆ ಏರಿಳಿತ ಕೊಟ್ಟರೆ ಗುಡ್ಡಗಳ ತಲೆಯೆಲ್ಲ ಕತ್ತರಿಸಿಹೋಗಿ ಒಂದೇ ಎತ್ತರದ ಗೋಡೆಗಳು ಉಳಿಯುತ್ತವೆ. ಉಳಿಯುವ ಮಾಹಿತಿ ಒಂದೇ: ಅಲೆ ನಡುಗೆರೆಯನ್ನು ಯಾವ ಯಾವ ಕ್ಷಣದಲ್ಲಿ ದಾಟಿತು ಎನ್ನುವುದು. ಇದರಲ್ಲಿ ಮಾತು ಎಲ್ಲಿ ಉಳಿದೀತು ಅನ್ನಿಸುವುದು ಸಹಜ. ಉಳಿಯುತ್ತದೆ. ಊರ ಜಾತ್ರೆಯಲ್ಲಿ ಮರಕ್ಕೆ ಕಟ್ಟಿದ ಕಹಳೆ ಮೈಕನ್ನು ನೆನೆಸಿಕೊಳ್ಳಿ. ಮೈಕಿನವನು ಆಂಪ್ಲಿಫೈಯರನ್ನು ತುದಿಯವರೆಗೆ ತಿರುಗಿಸಿಟ್ಟಿರುತ್ತಾನೆ. ಅದರ ತಾಕತ್ತು ಮೀರಿದ ಕೂಡಲೇ ಅಲೆಯ ತಲೆಗಳು ಹೀಗೆಯೇ ಕತ್ತರಿಸಿಹೋಗುತ್ತವೆ. ದನಿ ಒಡೆದು, ಕರ್ಕಶವಾಗಿ, ಇಂಥವರ ಕಂಠ ಎಂಬ ಗುರುತೂ ಸಿಗದಂತಾಗಿರುತ್ತದೆ. ಆದರೂ ನೀಲಿ ಅಂಗಿ ತೊಟ್ಟ ಮಗುವೊಂದು ತೇರಿನ ಹತ್ತಿರ ಸಿಕ್ಕಿದೆ ಎಂಬುದು ಊರಿಗೆಲ್ಲ ತಿಳಿಯುತ್ತದೆ.

ಜಾತ್ರೆಯಲ್ಲಿ ನಮಗೆ ತಿಳಿದಿದ್ದನ್ನು 1948ರಲ್ಲಿ ಅಮೆರಿಕದ ಜೆ.ಸಿ.ಆರ್. ಲಿಕ್‌ಲೈಡರ್ ಮತ್ತು ಇರ್ವಿನ್ ಪೊಲಾಕ್ ಅಳೆದು ನೋಡಿದರು. ಮಾತಿನ ಅಲೆಯನ್ನು ಪೂರ್ತಿ ಕತ್ತರಿಸಿ, ಎರಡೇ ಮಟ್ಟಕ್ಕೆ ಇಳಿಸಿ ಜನರಿಗೆ ಕೇಳಿಸಿದರು. ಕೇಳಿದವರು ಪದಗಳನ್ನು ಹಿಡಿದರು. ಕತ್ತರಿಸುವ ಮೊದಲು ಅಲೆಯ ಸಣ್ಣ, ಬಿರುಸಿನ ಕಂಪನಗಳನ್ನು ಎತ್ತಿಹಿಡಿದರೆ ಇನ್ನೂ ಚೆನ್ನಾಗಿ ಹಿಡಿದರು. ಕಾರಣ ಸರಳ. 'ಆ', 'ಓ'ಗಳಂಥ ಸ್ವರಗಳು ಬಲವಾದವು. 'ಸ', 'ಷ', 'ಫ'ಗಳು ಉಸಿರಿನಷ್ಟೇ ಕ್ಷೀಣ, ಆದರೆ ಬಹು ವೇಗದವು. ಎತ್ತರದ ಪೈರಿನ ನಡುವೆ ಗಿಡ್ಡ ಸಸಿಯಂತೆ ಅವು ಕಾಣದೇ ಹೋಗುತ್ತವೆ. ಮೊದಲು ಅವನ್ನು ಮೇಲೆತ್ತಿ ಆಮೇಲೆ ಕುಡುಗೋಲು ಬೀಸಿದರೆ ಅವುಗಳ ಗುರುತೂ ಉಳಿಯುತ್ತದೆ. ನಮ್ಮ ಕಿವಿ ಅಲೆಯ ಎತ್ತರಕ್ಕಿಂತ ಅದರೊಳಗಿನ ಕಂಪನಗಳ ಹೆಣಿಗೆಗೆ ಬೆಲೆ ಕೊಡುತ್ತದೆ. ಆ ಹೆಣಿಗೆಯ ಬಹುಪಾಲು, ನಡುಗೆರೆ ದಾಟುವ ಕ್ಷಣಗಳಲ್ಲೇ ಅಡಗಿರುತ್ತದೆ. ಈ ಲಿಕ್‌ಲೈಡರ್ ಮುಂದೆ 1962ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಆರ್ಪಾ ಸಂಸ್ಥೆಗೆ ಹೋಗಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಹೆಣೆಯುವ ಕನಸು ಬಿತ್ತಿದವರು. ಇಂಟರ್ನೆಟ್ಟಿನ ಮುತ್ತಜ್ಜಂದಿರಲ್ಲಿ ಒಬ್ಬರು, ಕಿವಿಯ ವಿಜ್ಞಾನದಿಂದ ಹೊರಟವರು.

ಈಗ ಲೆಕ್ಕ ಹಾಕೋಣ. ಸೆಕೆಂಡಿಗೆ 8,000 ಸಲ 'ಅಲೆ ಮೇಲಿದೆಯೋ ಕೆಳಗಿದೆಯೋ' ಎಂದಷ್ಟೇ ಬರೆದುಕೊಂಡರೆ 8,000 ಬಿಟ್, ಅಂದರೆ 1,000 ಬೈಟ್. ಎತ್ತರವನ್ನೂ 8 ಬಿಟ್‌ನಲ್ಲಿ ಬರೆದುಕೊಂಡರೆ ಅದರ ಎಂಟು ಪಟ್ಟು. ಆಪಲ್ 2ರಲ್ಲಿ ಸಾಮಾನ್ಯವಾಗಿ ಇರುತ್ತಿದ್ದ ಒಟ್ಟು ಮೆಮೊರಿ 48 ಕಿಲೋಬೈಟ್. ಪರದೆಯ ಮೇಲಿನ ಒಂದು ಚಿತ್ರವೇ ಅದರಲ್ಲಿ 8 ನುಂಗುತ್ತಿತ್ತು. ನೀವು ಓದುತ್ತಿರುವ ಈ ಅಧ್ಯಾಯವನ್ನು ಯೂನಿಕೋಡ್ ಕನ್ನಡದಲ್ಲಿ ಉಳಿಸಿದರೆ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಆ ಯಂತ್ರದ ಹೊಟ್ಟೆ ಬಹುಪಾಲು ಇದೊಂದರಿಂದಲೇ ತುಂಬಿಹೋಗುತ್ತದೆ. ಅಂಥ ಜಾಗದಲ್ಲಿ ಕೋಟೆ, ಕಾವಲು, ನಾಯಕ, ಗುಂಡು, ಮೇಲೆ ಮಾತು. ಮ್ಯೂಸ್ ಕಂಪನಿಯ ಬಳಿ 'ದಿ ವಾಯ್ಸ್' ಎಂಬ ತನ್ನದೇ ತಂತ್ರಾಂಶವಿತ್ತು; ದನಿಯನ್ನು ಟಕ್‌ಟಕ್‌ಗಳಾಗಿ ಅರೆದು ಕೊಡುವುದು ಅದರ ಕೆಲಸ. ವಾರ್ನರ್ ತನ್ನ ಕಂಠವನ್ನೇ ಅದಕ್ಕೆ ಹಾಕಿ ಅರೆದ.

ಇಷ್ಟಾದ ಮೇಲೂ ಒಂದು ತೊಡಕು ಉಳಿಯಿತು. ಸ್ಪೀಕರಿನ ಕದ ತಟ್ಟಲು ಬೇರೆ ಆಳಿಲ್ಲ, ಪ್ರೊಸೆಸರೇ ತಟ್ಟಬೇಕು, ಎಣಿಸುತ್ತ ಕಾಯಬೇಕು. ಹಾಗಾಗಿ ಕಾವಲುಗಾರ "ಹಾಲ್ಟ್" ಎನ್ನುವಷ್ಟು ಹೊತ್ತು ಕಂಪ್ಯೂಟರಿಗೆ ಬೇರೆ ಯಾವ ಕೆಲಸವೂ ಸಾಗದು. ಕೋಟೆಯೇ ಕಲ್ಲಾಗುತ್ತದೆ. ಯಂತ್ರದ ಕೊರತೆ ಅದು. ಆದರೆ ಹಿಂದಿನಿಂದ ಯಾರೋ ಗದರಿದಾಗ ನಮ್ಮ ಕೈಕಾಲು ಆಡದೆ ನಿಲ್ಲುತ್ತದಲ್ಲ, ಥೇಟು ಹಾಗೆಯೇ ಆ ಅರೆಕ್ಷಣ ಕಾಣುತ್ತದೆ. ಕೊರತೆಯನ್ನು ಗುಣವೆಂದು ತೋರಿಸುವ ಈ ಚಾಲಾಕಿ ಕೋಡಂಬಾಕ್ಕಂನವರಿಗೆ ಹೊಸದಲ್ಲ. ಕಾಡು ಕಟ್ಟಲು ದುಡ್ಡಿಲ್ಲದಾಗ ಹೊಗೆ ಬಿಟ್ಟು 'ಮಂಜು' ಅಂದವರು ಅವರು.

ದನಿಯಷ್ಟೇ ಆಗಿದ್ದರೆ ಈ ಆಟಕ್ಕೆ ನಾನು ಒಂದು ಅಧ್ಯಾಯ ಕೊಡುತ್ತಿರಲಿಲ್ಲ. ವಾರ್ನರ್ ಮಾಡಿದ ದೊಡ್ಡ ಕೆಲಸ ಬೇರೆಯೇ ಇದೆ, ಅದು ಕಿವಿಗೆ ಬೀಳುವುದಿಲ್ಲ.

1980ರ 'ಪ್ಯಾಕ್‌ಮ್ಯಾನ್' ನೆನಪಿದೆಯೆ? ಹಳದಿ ಹೊಟ್ಟೆಬಾಕನನ್ನು ಅಟ್ಟುವ ನಾಲ್ಕು ಭೂತಗಳು. ಕೆಂಪು ಭೂತ ಸದಾ ನೀವಿರುವ ಚೌಕಕ್ಕೇ ಗುರಿಯಿಡುತ್ತದೆ. ಗುಲಾಬಿ ಭೂತದ ಗುರಿ ನಿಮ್ಮ ಮುಂದಿನ ನಾಲ್ಕನೇ ಚೌಕ. ಗೋಡೆ ಅಡ್ಡವಿರಲಿ, ಮೂಲೆ ತಿರುಗಿರಿ, ಅವಕ್ಕೆ ಗೊತ್ತು. ನೀವೆಲ್ಲಿದ್ದೀರಿ ಎಂಬುದನ್ನು ಅವು ಕಂಡುಹಿಡಿಯುವುದೇ ಇಲ್ಲ. ಕಂಡುಹಿಡಿಯಬೇಕಾದ ಅಗತ್ಯವೇ ಇಲ್ಲವಲ್ಲ! ಆಟಗಾರ ಎಡದಿಂದ ಎಷ್ಟನೇ ಚೌಕ, ಮೇಲಿನಿಂದ ಎಷ್ಟನೇ ಚೌಕ ಎಂಬ ಎರಡು ಅಂಕಿ ಮೆಮೊರಿಯಲ್ಲಿ ಕೂತಿರುತ್ತವೆ. ಭೂತವನ್ನು ನಡೆಸುವ ಆಜ್ಞೆಗಳೂ ಅದೇ ಬೀದಿಯ ನಿವಾಸಿಗಳು. ಪಕ್ಕದ ಮನೆಗೆ ಹೋಗಿ ಅಂಕಿ ಓದಿಕೊಂಡು ಬಂದರೆ ಆಯಿತು. ಕಂಪ್ಯೂಟರಿಗೆ ಸರ್ವಜ್ಞನಾಗುವುದಕ್ಕಿಂತ ಸುಲಭದ ಕೆಲಸವಿಲ್ಲ.

ಕಷ್ಟವಿರುವುದು ತಿಳಿಯದಿರುವುದರಲ್ಲಿ. ಕ್ಯಾಸಲ್ ವುಲ್ಫೆನ್‌ಸ್ಟೈನ್‌ನ ಕಾವಲುಗಾರನಿಗೂ ಆ ಎರಡು ಅಂಕಿ ಕೈಗೆಟುಕುವಷ್ಟೇ ದೂರ. ಓದಬೇಡ ಎಂದು ಅವನಿಗೆ ಕಲಿಸಬೇಕು. ಅಥವಾ ಓದಿಯೂ ಓದದವನಂತೆ ನಡೆದುಕೊಳ್ಳಲು ಕಲಿಸಬೇಕು. ಯಾವಾಗ ಗೊತ್ತಾಗಬೇಕು? ಎದುರಿಗೆ ಬಂದಾಗ. ಕೋಣೆಯಲ್ಲಿ ಗುಂಡು ಸಿಡಿದಾಗ. ಮಿಕ್ಕ ಸಮಯದಲ್ಲಿ ಅವನು ತನ್ನ ಪಾಡಿಗೆ ನಿಂತಿರಬೇಕು, ತಿರುಗುತ್ತಿರಬೇಕು. ಆಟಗಾರನನ್ನು ಅಡಗಿಸುವುದು ಎಂದರೆ ಇದೇ: ಅವನ ಮೇಲೆ ಯಾವ ಮುಸುಕನ್ನೂ ಹಾಕುವುದಿಲ್ಲ, ಮುಸುಕು ಇರುವುದು ಕಾವಲುಗಾರನ ತಲೆಯೊಳಗೆ. 1979ರಲ್ಲಿ ಜಪಾನಿನಲ್ಲಿ ಅಂಗಡಿ ಕಳ್ಳತನದ ಪುಟ್ಟ ಆಟವೊಂದು ಬಂದಿತ್ತು; ಅಂಗಡಿಯವನ ಕಣ್ಣು ತಪ್ಪಿಸಿ ಸಾಮಾನು ಎತ್ತಬೇಕು. ಹಾಗಾಗಿ ವಾರ್ನರ್ ಮೊದಲಿಗ ಎಂದು ಪಟ್ಟ ಕಟ್ಟಲಾರೆ. ಆದರೆ ಅಜ್ಞಾನವನ್ನು ಇಷ್ಟು ಬಗೆಯಾಗಿ, ಇಷ್ಟು ಮೆಟ್ಟಿಲುಗಳಾಗಿ ಕಡೆದವನು ಅವನು.

ಮೆಟ್ಟಿಲು ಅಂದೆ. ಕೋಟೆಯಲ್ಲಿ ಎರಡು ದರ್ಜೆಯವರಿದ್ದಾರೆ. ಸಾಮಾನ್ಯ ಕಾವಲುಗಾರ ತನ್ನ ಕೋಣೆ ಬಿಟ್ಟು ಕದಲುವುದಿಲ್ಲ. ನೀವು ಬಾಗಿಲು ದಾಟಿದಿರೋ, ಅವನ ಪಾಲಿಗೆ ನೀವು ಇಲ್ಲ. ಎದೆಗೆ ಪಿಸ್ತೂಲು ಗುರಿಯಿಟ್ಟರೆ ಕೈ ಮೇಲೆತ್ತಿ ನಿಲ್ಲುತ್ತಾನೆ, ಜೇಬು ತಡಕಬಹುದು. ಇನ್ನೊಬ್ಬ ನಾಜಿಗಳ ಎಸ್‌ಎಸ್ ಪಡೆಯವನು. ಗುಂಡು ತಡೆಯುವ ಕವಚ ತೊಟ್ಟಿರುತ್ತಾನೆ, ಕೋಣೆಯಿಂದ ಕೋಣೆಗೆ ಬೆನ್ನು ಹತ್ತುತ್ತಾನೆ. ಪೆಟ್ಟಿಗೆಯೊಂದರಲ್ಲಿ ನಿಮಗೆ ಜರ್ಮನ್ ಸಮವಸ್ತ್ರ ಸಿಕ್ಕರೆ, ಕೋಡಂಬಾಕ್ಕಂನ ಆ ಬೂದು ಕೋಟು ಎಂದಿಟ್ಟುಕೊಳ್ಳಿ, ಅದನ್ನು ತೊಟ್ಟು ಸಾಮಾನ್ಯ ಕಾವಲುಗಾರನ ಮುಂದೆಯೇ ನಡೆದು ಹೋಗಬಹುದು. ಎಸ್‌ಎಸ್‌ನವನು ಮಾತ್ರ ಕೋಟಿನೊಳಗಿನ ಮನುಷ್ಯನನ್ನು ಗುರುತಿಸುತ್ತಾನೆ.

ನಮ್ಮ ಸಿನಿಮಾಗಳ ಲೋಕನಿಯಮವೂ ಇದೇ ಅಲ್ಲವೆ? ದೊರೆ-ಭಗವಾನ್ ನಿರ್ದೇಶನದ 'ಜೇಡರ ಬಲೆ' (1968) ಚಿತ್ರದಲ್ಲಿ ರಾಜ್‌ಕುಮಾರ್ ಸಿಐಡಿ 999 ಆದ ಮೇಲೆ ಕನ್ನಡದಲ್ಲಿ ಗೂಢಚಾರರ ಸಾಲೇ ಶುರುವಾಯಿತು. ಇಂಥ ಚಿತ್ರಗಳಲ್ಲಿ ನಾಯಕ ಕೆನ್ನೆಗೊಂದು ಮಚ್ಚೆ, ತುಟಿಯ ಮೇಲೊಂದು ಮೀಸೆ ಅಂಟಿಸಿಕೊಂಡರೆ ವಿಲನ್‌ನ ಆಳುಗಳೆಲ್ಲ ಸಲಾಮು ಹೊಡೆಯುತ್ತಾರೆ. ಕಡೆಯ ರೀಲಿನಲ್ಲಿ ವಿಲನ್ ಒಬ್ಬನೇ ಮೀಸೆ ಕಿತ್ತು ನಗುತ್ತಾನೆ. ನಾವು ಥಿಯೇಟರಿನಲ್ಲಿ ಕೂತು, ಇಷ್ಟೂ ಗೊತ್ತಾಗಲ್ವೇನೋ ಇವನಿಗೆ ಎಂದು ಗೇಲಿ ಮಾಡುತ್ತಿದ್ದೆವು. ಆ ಆಳು ದಡ್ಡನಾಗಿರುವುದು ಕಥೆ ಬರೆದವನ ಬುದ್ಧಿವಂತಿಕೆಯಿಂದ ಎಂದು ಆಗ ಹೊಳೆದಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ವಿರಾಟನ ಅರಮನೆಯೇ ಸಿಗುತ್ತದೆ. ಭೀಮ ಅಡುಗೆಭಟ್ಟ, ಅರ್ಜುನ ನೃತ್ಯದ ಗುರು, ದ್ರೌಪದಿ ಸೈರಂಧ್ರಿ. ಅಜ್ಞಾತವಾಸದ ಕರಾರು ಯಾವ ವಿಡಿಯೋ ಗೇಮಿಗೂ ಕಡಿಮೆಯಿಲ್ಲ: ಒಂದು ವರ್ಷದೊಳಗೆ ಗುರುತು ಸಿಕ್ಕರೆ ಮತ್ತೆ 12 ವರ್ಷ ಕಾಡು, ಮೊದಲಿನಿಂದ ಶುರು. ಕೀಚಕನನ್ನು ಕೊಂದಾಗ ಸದ್ದು ಎಷ್ಟು ದೂರ ಹೋಯಿತು ನೋಡಿ, ಹಸ್ತಿನಾವತಿಯವರೆಗೆ! ಬಲ ಬಳಸಿದಷ್ಟೂ ಗುಟ್ಟು ಒಡೆಯುತ್ತದೆ ಎಂಬ ಲೆಕ್ಕ ಅಲ್ಲೇ ಇದೆ. ವಾರ್ನರ್‌ನ 10 ಗುಂಡುಗಳ ಲೆಕ್ಕವೂ ಅದೇ. ಹಾರಿಸಬಹುದು, ಹಾರಿಸಿದರೆ ಕೋಣೆ ಎಚ್ಚೆತ್ತುಕೊಳ್ಳುತ್ತದೆ.

ಇಂದಿನ ಆಟಗಳಲ್ಲಿ ಕಾವಲುಗಾರನ ಅಜ್ಞಾನ ಇನ್ನಷ್ಟು ನಯವಾಗಿದೆ. ಅವನ ಕಣ್ಣಿನಿಂದ ನಿಮ್ಮವರೆಗೆ ಕಂಪ್ಯೂಟರ್ ಒಂದು ಗೆರೆ ಎಳೆದು, ದಾರಿಯಲ್ಲಿ ಗೋಡೆ ಸಿಕ್ಕಿತೇ ಎಂದು ನೋಡುತ್ತದೆ. ಸಿಗದಿದ್ದರೂ ಗೆರೆ ಅವನು ಮುಖ ಮಾಡಿರುವ ದಿಕ್ಕಿನ ಬೀಸಣಿಗೆಯಾಕಾರದ ವಲಯದಲ್ಲಿ ಬಿದ್ದಿದೆಯೇ ಎಂದು ಪರೀಕ್ಷಿಸುತ್ತದೆ. ಬಿದ್ದರೂ ತಕ್ಷಣ ಕೂಗಿಸುವುದಿಲ್ಲ. ಮೊದಲು ಅನುಮಾನ, ಆಮೇಲೆ ಹುಡುಕಾಟ, ಆಮೇಲೆ ದಾಳಿ, ಕೊಂಚ ಹೊತ್ತು ಏನೂ ಕಾಣದಿದ್ದರೆ ಮತ್ತೆ ಗಸ್ತು. ಹೀಗೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ, ಗೊತ್ತಾದ ಕಾರಣಕ್ಕಷ್ಟೇ ದಾಟುವ ಯಂತ್ರವನ್ನು ಗಣಕವಿಜ್ಞಾನಿಗಳು ಸ್ಥಿತಿಯಂತ್ರ ಅನ್ನುತ್ತಾರೆ. ಟ್ರಾಫಿಕ್ ಸಿಗ್ನಲ್ಲೂ ಅದೇ, ಲಿಫ್ಟೂ ಅದೇ. ಕಾವಲುಗಾರನ ವಿಷಯದಲ್ಲಿ ಮೋಜೆಂದರೆ, ಒಂದೊಂದು ಸ್ಥಿತಿಯೂ 'ಇವನಿಗೆ ಎಷ್ಟು ಗೊತ್ತಿರಬಾರದು' ಎಂಬುದರ ಅಳತೆ.

ಪೆಟ್ಟಿಗೆಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಆಟ ಆಡಿದವರು ಜಗಳಕ್ಕೆ ಬರುತ್ತಾರೆ. ಕೋಟೆಯ ತುಂಬ ಬೀಗ ಹಾಕಿದ ಪೆಟ್ಟಿಗೆಗಳು. ಬೀಗ ಬಿಚ್ಚಲು ಸಮಯ ಹಿಡಿಯುತ್ತದೆ, ನಿಜವಾದ ಸೆಕೆಂಡುಗಳು. ಎಣಿಕೆ ಇಳಿಯುತ್ತ ಇಳಿಯುತ್ತ ಕಾವಲುಗಾರನ ದಾರಿ ನೋಡುತ್ತ ಕೂರಬೇಕು. ಬೀಗಕ್ಕೆ ಗುಂಡು ಹೊಡೆಯಬಹುದು, ಒಳಗೆ ಸಿಡಿಮದ್ದು ಇದ್ದರೆ ನಿಮ್ಮ ಕಥೆ ಮುಗಿಯಿತು. ಇಷ್ಟೆಲ್ಲ ಕಷ್ಟಪಟ್ಟು ತೆರೆದರೆ ಕೆಲವೊಮ್ಮೆ ಸಿಗುವುದು ಜರ್ಮನ್ನರ ಹುಳಿ ಎಲೆಕೋಸು. ಸಾರಾಯಿ ಸಿಕ್ಕಿ ಕುಡಿದರೆ ಸ್ವಲ್ಪ ಹೊತ್ತು ಗುರಿ ತಪ್ಪುತ್ತದೆ. ಪರದೆಯ ಮೇಲೆ ಏನೂ ನಡೆಯದೆ ಎದೆ ಹೊಡೆದುಕೊಳ್ಳುವಂತೆ ಮಾಡಿದ ಆಟಗಳು ಅದಕ್ಕೆ ಮೊದಲು ಎಷ್ಟಿದ್ದಾವು? ಕಾಯುವುದನ್ನೇ ಆಟ ಮಾಡಿದ್ದು ನನಗಂತೂ ದನಿಗಿಂತ ದೊಡ್ಡ ಸಾಹಸವಾಗಿ ಕಾಣುತ್ತದೆ.

ಮುಂದಿನದು ಬೇಗ ಹೇಳಿಬಿಡಬಹುದು. 1984ರಲ್ಲಿ ಇದರ ಎರಡನೇ ಭಾಗ ಬಂತು. ಬರ್ಲಿನ್ನಿನ ಬಂಕರಿನೊಳಗೆ ನುಸುಳಿ ಹಿಟ್ಲರನನ್ನು ಬಾಂಬಿಟ್ಟು ಕೊಲ್ಲಬೇಕು. 1944ರ ಜುಲೈ 20ರಂದು ಸ್ವಂತ ಸೇನಾಧಿಕಾರಿಗಳೇ ಬ್ರೀಫ್‌ಕೇಸಿನಲ್ಲಿ ಬಾಂಬಿಟ್ಟು ವಿಫಲರಾದ ಘಟನೆಯ ನೆರಳು. ಇಲ್ಲಿ ಕಾವಲುಗಾರ ಪಾಸು ಕೇಳುತ್ತಾನೆ, ಲಂಚವನ್ನೂ ತಿನ್ನುತ್ತಾನೆ. ಅಷ್ಟರಮಟ್ಟಿಗೆ ಅವನ ತಲೆ ಬೆಳೆದಿತ್ತು. 1987ರಲ್ಲಿ ಮ್ಯೂಸ್ ಬಾಗಿಲು ಮುಚ್ಚಿತು. ಅದೇ ವರ್ಷ ಜಪಾನಿನಲ್ಲಿ ಹಿಡಿಯೊ ಕೊಜಿಮಾ ಎಂಎಸ್‌ಎಕ್ಸ್ 2 ಕಂಪ್ಯೂಟರಿಗೆ 'ಮೆಟಲ್ ಗಿಯರ್' ಮಾಡಿದ. ಕಂಪನಿ ಕೇಳಿದ್ದು ಯುದ್ಧದ ಆಟ. ಆದರೆ ಆ ಯಂತ್ರದಲ್ಲಿ ಒಂದೇ ಅಡ್ಡಗೆರೆಯ ಮೇಲೆ 8ಕ್ಕಿಂತ ಹೆಚ್ಚು ಚಲಿಸುವ ಬೊಂಬೆಗಳನ್ನು ತೋರಿಸಲಾಗದು. ನಾಯಕನ ಜೊತೆಗೆ ನಾಲ್ಕು ಶತ್ರುಗಳು, ನಾಲ್ಕು ಗುಂಡುಗಳು ಬಂದರೆ ಚಿತ್ರ ಮಿಣುಕತೊಡಗುತ್ತದೆ. ಯುದ್ಧ ತೋರಿಸಲು ಆಗದಿದ್ದರೆ ಯುದ್ಧದಿಂದ ತಪ್ಪಿಸಿಕೊಳ್ಳುವುದನ್ನೇ ತೋರಿಸೋಣ ಎಂದ ಕೊಜಿಮಾ. ಇಲ್ಲೂ ಯಂತ್ರದ ಬಡತನವೇ ದಾರಿ ತೋರಿಸಿದ್ದು.

ವುಲ್ಫೆನ್‌ಸ್ಟೈನ್ ಹೆಸರಿಗೆ ಬೇರೆಯದೇ ಗತಿ ಬಂತು. ಆ ಹಳೆಯ ಆಟವನ್ನು ಹುಚ್ಚಿನಂತೆ ಆಡಿದ್ದ ಜಾನ್ ರೊಮೆರೊ ಮತ್ತು ಅವನ ಇಡ್ ಸಾಫ್ಟ್‌ವೇರ್ ಗೆಳೆಯರು ಹೆಸರಿನ ಹಕ್ಕನ್ನು 5,000 ಡಾಲರಿಗೆ ಕೊಂಡು 1992ರ ಮೇ ತಿಂಗಳಲ್ಲಿ 'ವುಲ್ಫೆನ್‌ಸ್ಟೈನ್ 3ಡಿ' ತಂದರು. ಮೊದಲಿಗೆ ಹೆಣ ಎಳೆದು ಬಚ್ಚಿಡುವುದು, ಸದ್ದಿಲ್ಲದೆ ನುಸುಳುವುದು ಎಲ್ಲ ಇರಬೇಕೆಂದಿತ್ತು. ಆಡಿ ನೋಡಿದರೆ ಓಟ ನಿಧಾನವಾಯಿತು. ಕಿತ್ತು ಹಾಕಿದರು. ಉಳಿದದ್ದು ಗುಂಡಿನ ಸುರಿಮಳೆ, ಅದು ಜಗತ್ತನ್ನೇ ಗೆದ್ದಿತು. ಬೆಂಗಳೂರಿನ ಕಂಪ್ಯೂಟರ್ ಕ್ಲಾಸುಗಳಲ್ಲಿ ಮೇಷ್ಟ್ರು ಆಚೆ ಹೋದೊಡನೆ ನಾವೂ ಅದನ್ನೇ ಆಡಿದವರು. ಅದರ ಹಿಂದೆ ಅಡಗಿ ಕೂರುವ ಒಂದು ಅಜ್ಜ ಆಟವಿದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ವಾರ್ನರ್ 2004ರಲ್ಲಿ ತೀರಿಕೊಂಡ.

ನಾನು ಮೂಲ ಆಟ ಆಡಿದ್ದು ಬಹಳ ತಡವಾಗಿ, ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ. ಲ್ಯಾಪ್‌ಟಾಪ್ ಹಿಡಿದುಕೊಂಡೇ ಕೋಡಂಬಾಕ್ಕಂಗೆ ಹೋಗಿದ್ದೆ. ಆರ್ಕಾಟ್ ರಸ್ತೆಯ ತುಂಬ ಮೆಟ್ರೋ ಕಾಮಗಾರಿಯ ತಗಡಿನ ಗೋಡೆ. ಡ್ರೆಸ್ಸಿನ ಅಂಗಡಿ ಇದ್ದ ಓಣಿ ಹುಡುಕಲು ಎರಡು ಸಲ ದಾರಿ ತಪ್ಪಿದೆ. ಸ್ಟುಡಿಯೋಗಳಿದ್ದ ಜಾಗಗಳಲ್ಲಿ ಅಪಾರ್ಟ್‌ಮೆಂಟುಗಳೆದ್ದಿವೆ. ನಾನು ಕಂಡಂತೆ ಕಂಪ್ಯೂಟರು ಈ ಬಡಾವಣೆಗೆ ಆಟವಾಗಿ ಬರಲಿಲ್ಲ, ಸಂಗೀತವಾಗಿ ಬಂತು. 1989ರಲ್ಲಿ ಎ.ಆರ್. ರೆಹಮಾನ್ ತಮ್ಮ ಮನೆಯ ಹಿತ್ತಲಲ್ಲಿ ಪಂಚತನ್ ರೆಕಾರ್ಡ್ ಇನ್ ಸ್ಟುಡಿಯೋ ಶುರು ಮಾಡಿದ್ದು ಇಲ್ಲೇ. ದೊಡ್ಡಪ್ಪನ ತೆಂಗಿನ ಚಿಪ್ಪು, ಹಳೇ ಬೂಟುಗಳಿಗೆ ಕೆಲಸ ಕಡಿಮೆಯಾದದ್ದೂ ಆಮೇಲಿನ ವರ್ಷಗಳಲ್ಲೇ.

ಅವರಿಗೀಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಆಟ ಹಾಕಿದೆ. ಬೇಕೆಂದೇ ಕಾವಲುಗಾರನ ಎದುರಿಗೆ ಹೋಗಿ ನಿಂತೆ. ಕರಕರ ಸದ್ದಿನ ನಡುವಿನಿಂದ ದನಿ ಬಂತು.

"ಇನ್ನೊಂದ್ಸಲ ಹಾಕು."

ಇನ್ನೊಂದು ಕೋಣೆಗೆ ಹೋಗಿ ಸಿಕ್ಕಿಬಿದ್ದೆ. ದೊಡ್ಡಪ್ಪ ತಲೆ ವಾಲಿಸಿ ಕೇಳಿದರು.

"ಲೆವೆಲ್ಲೆಲ್ಲ ಒಡೆದುಹೋಗಿದೆ. ಆದ್ರೆ ಕಡೇ ಅಕ್ಷರ ಉಳಿಸಿದಾನೆ ನೋಡು. 'ಟ್' ಅಂತ ನಿಲ್ಲಿಸಿದಾನಲ್ಲ, ಅಲ್ಲಿದೆ ಗದರೋದು. ಯಾವ ಆರ್ಟಿಸ್ಟು?"

"ಆರ್ಟಿಸ್ಟ್ ಅಲ್ಲ ದೊಡ್ಡಪ್ಪ, ಪ್ರೋಗ್ರಾಂ ಬರೆದವನೇ."

"ಆಗ್ಲೇ ಬಂದವನೂ ಅವನೇ ತಾನೆ?"

"ಎಲ್ಲರೂ ಅವನೇ. ಇಡೀ ಕೋಟೆಗೆ ಒಬ್ಬನೇ."

ದೊಡ್ಡಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. "ಅಷ್ಟೂ ಜನಕ್ಕೆ ಸೇರಿಸಿ ಒಂದೇ ಕಾಲ್‌ಶೀಟಿನ ದುಡ್ಡು ಕೊಟ್ಟಿರ್ತಾರೆ," ಅಂದರು.